ನೀಲಕ್ಕನ ಸಮಾಧಾನ

ಮೂರನೆಯ ರೊಟ್ಟಿ ಹಂಚಿನ ಮೇಲಿತ್ತು. ನೀಲಾಂಬಿಕೆ ಒದ್ದೆ ಬಟ್ಟೆಯಿಂದ ಅದರ ಬೆನ್ನಿಗೆ ನೀರು ಸವರಿ, ಮುಂದಿನದಕ್ಕೆ ಹಿಟ್ಟು ನಾದಲು ಕೈ ಹಾಕಿದ್ದಳು. ಆಗಲೇ ಕಪಾಟಿನ ಮೇಲಿಂದ ಅವಳ ಕಾರಭಾರಿಯ ದನಿ ಬಂತು. ಇನಾಮದಾರ ಸರ್ ಅವರ ಕಾರಭಾರಿ ಮತ್ತೊಮ್ಮೆ ವಿಚಾರಿಸುತ್ತಿದೆ, ಸೋಮವಾರದ ವರದಿಗೆ ನಿಮ್ಮ ಸಹಿ ಇದೆಯೆಂದು ತಿಳಿಸಿಬಿಡಲೇ ಎಂದು ಅದು ಕೇಳಿತು. ಮೃದುವಾದ, ಅವಸರವಿಲ್ಲದ ದನಿ. ಬೆಳಗಿನ ಹೊತ್ತು ಅವಳಿಗೆ ಇಂಥ ದನಿಯೇ ಹಿತ ಎಂಬುದನ್ನು ಅದು ಯಾವಾಗಲೋ ಕಂಡುಕೊಂಡಿತ್ತು.

“ಆಮ್ಯಾಲೆ,” ಎಂದಳು. ರೊಟ್ಟಿ ತಿರುವಿ ಹಾಕುವಾಗ ಬೆರಳು ಸುಟ್ಟುಕೊಂಡಳು. ಈಚೆಗೆ ಹೀಗೆಯೇ ಆಗುತ್ತಿತ್ತು. ಹಾಲು ಉಕ್ಕುತ್ತಿತ್ತು, ಹಾಕಿದ ಬೀಗವನ್ನು ಮತ್ತೆ ಹೋಗಿ ಜಗ್ಗಿ ನೋಡಬೇಕಾಗುತ್ತಿತ್ತು. ಎದೆಯೊಳಗೆ ಏನೋ ಒಂದು ಕೂತಲ್ಲಿ ಕೂರದೆ ಓಡಾಡುತ್ತಿತ್ತು.

ಕಾರಭಾರಿ ಎಂದರೆ ಹಿಂದೆ ವಾಡೆಗಳಲ್ಲಿ ದೇಸಾಯರ ಪರವಾಗಿ ವ್ಯವಹಾರ ನೋಡುತ್ತಿದ್ದವನ ಹೆಸರು. ಈಗ ಅದು ಮೈಯಿಲ್ಲದ ಒಂದು ತಂತ್ರಾಂಶ. ದೊಡ್ಡವರಾದ ಪ್ರತಿಯೊಬ್ಬರಿಗೂ ಒಂದೊಂದು. ನಲ್ಲಿ ನೀರಿನ ಪಾಳಿಯಿರಲಿ, ಆಸ್ಪತ್ರೆಯ ವೇಳೆಯಿರಲಿ, ಬೀಗರ ಮನೆಯ ಕಾರ್ಯಕ್ಕೆ ಯಾರು ಹೋಗಬೇಕೆಂಬ ತಕರಾರಿರಲಿ, ನಿಮ್ಮ ಕಾರಭಾರಿ ಇನ್ನೊಬ್ಬರ ಕಾರಭಾರಿಯೊಡನೆ ಮಾತಾಡಿ ಮುಗಿಸುತ್ತದೆ. ಮುಗಿಸಿದ ಮೇಲೆ ನಿಮ್ಮ ಬಳಿ ಬಂದು, ಹೀಗೆ ಹೊಂದಿಸಿದ್ದೇನೆ, ಸಮಾಧಾನವೇ ಎಂದು ಕೇಳುತ್ತದೆ. ಹೌದೆಂದರೆ ಕೆಲಸ ಜಾರಿಯಾಗುತ್ತದೆ. ಅಲ್ಲವೆಂದರೆ ಅದು ಮತ್ತೆ ಹೋಗಿ ಮಾತಾಡುತ್ತದೆ.

ಸೋಮವಾರದ ವರದಿ ಆ ಕೊನೆಯ ಪ್ರಶ್ನೆಯ ಬಗ್ಗೆಯೇ ಇತ್ತು. ಕಾರಭಾರಿಗಳ ಸಂಶೋಧನೆ ಇಷ್ಟು ವರ್ಷಗಳಲ್ಲಿ ಎಲ್ಲಿಂದ ಎಲ್ಲಿಗೆ ಬಂತು, ಇನ್ನು ಯಾವ ದಿಕ್ಕಿಗೆ ಹೋಗಬೇಕು ಎಂದು ಅಳೆದು ಹೇಳಲು ಸರ್ಕಾರ ಒಂದು ಸಮಿತಿ ಮಾಡಿತ್ತು. ಇನಾಮದಾರರು ಅಧ್ಯಕ್ಷರು, ನೀಲಾಂಬಿಕೆ ಸದಸ್ಯೆ. ಕಾರಭಾರಿಗಳು ಈಗ ಮನುಷ್ಯರ ಮನಸ್ಸನ್ನು ಎಷ್ಟು ಚೆನ್ನಾಗಿ ಬಲ್ಲವೆಂದರೆ ಇನ್ನು ಅವು ಕೇಳುವ ಅಗತ್ಯವೇ ಇಲ್ಲ, ಕೇಳದೆಯೇ ಮಾಡುವ ಹಕ್ಕನ್ನು ಅವಕ್ಕೆ ಕೊಡಬಹುದು ಎಂದು ಕರಡು ವರದಿ ಹೇಳುತ್ತಿತ್ತು. ಉಳಿದವರೆಲ್ಲ ಸಹಿ ಮಾಡಿಯಾಗಿತ್ತು. ಸಹಿ ಎಲ್ಲರದೂ ಬೇಕಿತ್ತು, ಅವಳದೊಂದು ಬಾಕಿಯಿತ್ತು.

ಹಿತ್ತಲಿನ ಕಟ್ಟೆಯ ಮೇಲೆ ಅತ್ತೆ ಸುವರ್ಣವ್ವ ನಾಷ್ಟಾಕ್ಕೆ ಕೂತಿದ್ದರು. ಚಳಿಗಾಲದಲ್ಲಿ ಬಚ್ಚಲಲ್ಲಿ ಜಾರಿ ಬಿದ್ದಂದಿನಿಂದ ಅವರ ಊಟ ತಿಂಡಿ ಅವರ ಕಾರಭಾರಿಯ ಉಸ್ತುವಾರಿಯಲ್ಲಿ ನಡೆಯುತ್ತಿತ್ತು. ಆಸ್ಪತ್ರೆಯ ಅಡುಗೆಮನೆಯಿಂದ ದಿನಾ ಬೆಳಿಗ್ಗೆ ಉಪ್ಪಿಲ್ಲದ ಜೋಳದ ನುಚ್ಚು ಡಬ್ಬಿಯಲ್ಲಿ ಬರುತ್ತಿತ್ತು. ನುಚ್ಚು ಸಮಾಧಾನವೇ ಸುವರ್ಣವ್ವಾ ಎಂದು ಕೊರಳಿನ ತಾಯಿತದಂಥ ಯಂತ್ರ ಕೇಳಿತು.

“ಭಾಳ ಚಲೋ ಆಗೇತಪಾ. ನಿನ್ನ ಹೊಟ್ಟಿ ತಣ್ಣಗಿರಲಿ,” ಎಂದರು ಅವರು.

ಆಮೇಲೆ ಅತ್ತಿತ್ತ ನೋಡಿ, ಡಬ್ಬಿಯನ್ನು ದಾಳಿಂಬೆ ಗಿಡದ ಬುಡಕ್ಕೆ ಬೋರಲು ಹಾಕಿದರು. ಹತ್ತಾರು ಗುಬ್ಬಿಗಳು ಯಾರೋ ಕರೆದಂತೆ ಬಂದು ಇಳಿದವು. ಅವು ಇಳಿದ ರೀತಿ ನೋಡಿದರೆ ಇದು ಇವತ್ತಿನ ಸುದ್ದಿಯಲ್ಲ. ಕಿಟಕಿಯಲ್ಲಿ ನಿಂತಿದ್ದ ನೀಲಾಂಬಿಕೆ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ರುಚಿಯಿಲ್ಲವೆಂದು ಹೇಳಿದ್ದರೆ ಅದು ಬೇರೆ ಏನಾದರೂ ತರಿಸುತ್ತಿತ್ತಲ್ಲ, ಯಾಕೆ ಹೇಳಲಿಲ್ಲ ಎಂದು ಕೇಳಿದಳು.

ಸಿಕ್ಕಿಬಿದ್ದ ನಾಚಿಕೆ ಸುವರ್ಣವ್ವನ ಮುಖದಲ್ಲಿ ಕಾಣಲಿಲ್ಲ. “ಹೊರಗಿನವರು ಬಡಿಸಿದ್ದಕ್ಕ ಚಲೋ ಇಲ್ಲ ಅಂತ ಹೆಸರಿಡತಾರೇನ, ಹುಚ್ಚಿ?” ಎಂದರು. “ಪಾಪ, ಮುಂಜಾನೆದ್ದು ಯಾರ‍್ಯಾರನ್ನೋ ಮಾತಾಡಿಸಿ, ಹೊಂದಿಸಿ ತಂದಿರತೈತಿ. ಅದರ ಮಾರಿ ಮ್ಯಾಲೆ ಹೊಡದಂಗ ಹೇಳಾಕ ಬರತೈತೇನು?”

“ಅದಕ್ಕ ಮಾರಿನೇ ಇಲ್ಲರಿ ಅತ್ತಿ.”

“ದನಿ ಐತಲ್ಲ. ಸಾಕು.” ಆಮೇಲೆ ಸೊಸೆಯ ಕೈ ನೋಡಿ ಸೇರಿಸಿದರು, “ಹಿಟ್ಟು ಇವತ್ತೂ ಬಿರುಸಾಗೇತಿ ನೋಡು. ಎಸರು ಕಾಯೂದರಾಗ ಹಿಟ್ಟು ಸುರಿತಿ ನೀ. ಇಷ್ಟು ವರ್ಷಾತು, ಇನ್ನೂ ಧಿಮಾಕ ಹೋಗಿಲ್ಲ.”

ನೀಲಾಂಬಿಕೆ ಒಳಗೆ ಹೋದಳು. ಈ ಮಾತು ಅವಳಿಗೆ ಹೊಸದಲ್ಲ. ಮದುವೆಯಾಗಿ ಬಂದಾಗಿನಿಂದ ಅವಳ ರೊಟ್ಟಿ ಒಂದು ದಿನವೂ ಈ ಮನೆಯಲ್ಲಿ ಪಾಸಾಗಿರಲಿಲ್ಲ. ಒಮ್ಮೆ ದಪ್ಪ, ಒಮ್ಮೆ ಅಂಚು ಸೀಳು, ಒಮ್ಮೆ ಹೊತ್ತಿದ ವಾಸನೆ. ಯಂತ್ರಕ್ಕೆ ಹೊಗಳಿಕೆ, ನನಗೆ ಬೈಗುಳ ಎಂದುಕೊಂಡು ಅವಳು ಉಳಿದ ರೊಟ್ಟಿಗಳನ್ನು ಬೇಕೆಂದೇ ಜೋರಾಗಿ ಬಡಿದಳು.

*

ನೀಲಾಂಬಿಕೆ ಕೆಲಸ ಮಾಡುತ್ತಿದ್ದ ಸಂಶೋಧನಾ ಕೇಂದ್ರ ಇದ್ದದ್ದು ಧಾರವಾಡದ ಅಂಚಿನ ಗುಡ್ಡದ ಮೇಲೆ. ಅಲ್ಲಿಗೆ ಬರುವ ಹೊಸ ಹುಡುಗರು ಅವಳನ್ನು ಕಂಡರೆ ಸ್ವಲ್ಪ ಹೊತ್ತು ಮಾತು ನಿಲ್ಲಿಸಿ ನೋಡುತ್ತಿದ್ದರು. ಅವರ ಮಟ್ಟಿಗೆ ಅವಳು ಬರೀ ಮನುಷ್ಯಳಲ್ಲ, ಅಳತೆಗೋಲು.

ಅದರ ಕತೆ ಎಲ್ಲರಿಗೂ ಗೊತ್ತಿತ್ತು. ಆಗಷ್ಟೇ ಮದುವೆಯಾಗಿದ್ದ ನೀಲಾಂಬಿಕೆ ಇನಾಮದಾರರ ಕೈಕೆಳಗೆ ಸಂಶೋಧನೆಗೆ ಸೇರಿದ್ದಳು. ಮೊದಲ ಕಾರಭಾರಿಗಳು ಮಾಡಿದ್ದು ಸರಿಯೋ ತಪ್ಪೋ ಹೇಳಲು ಒಬ್ಬ ಮನುಷ್ಯ ದಿನವಿಡೀ ಕೂತು ಅವುಗಳೊಡನೆ ವ್ಯವಹರಿಸಬೇಕಿತ್ತು. ಗಂಡಸರು ಒಂದು ವಾರಕ್ಕೇ ಬೇಸತ್ತು ಎದ್ದರು. ಇವಳು ಬೇಸರ ಮಾಡಿಕೊಳ್ಳದೆ ತಿಂಗಳುಗಟ್ಟಲೆ ಕೂತಳು. ಅವಳ ಉತ್ತರಗಳನ್ನೆಲ್ಲ ಕೂಡಿಸಿ, ಅವಳ ಹಾಗೆಯೇ ಯೋಚಿಸುವ, ಅವಳ ದನಿಯಲ್ಲೇ ಉತ್ತರಿಸುವ ಒಂದು ಕೃತಕ ವ್ಯಕ್ತಿಯನ್ನು ಕಟ್ಟಿದರು. ಅದಕ್ಕೆ ನೀಲಕ್ಕ ಎಂದು ಹೆಸರಿಟ್ಟರು. ಅಂದಿನಿಂದ ಯಾವ ದೇಶದಲ್ಲಿ ಯಾರು ಹೊಸ ಕಾರಭಾರಿ ಕಟ್ಟಿದರೂ ಮೊದಲು ನೀಲಕ್ಕನ ಮುಂದೆ ನಿಲ್ಲಿಸುತ್ತಿದ್ದರು. ನೀಲಕ್ಕನಿಗೆ ಸಮಾಧಾನವಾದರೆ ಅದು ಜಗತ್ತಿಗೆ ಹೋಗುತ್ತಿತ್ತು. ಮೊದಮೊದಲು ನೂರರಲ್ಲಿ ಅರವತ್ತು ಸಲ ಸಮಾಧಾನವಾಗುತ್ತಿತ್ತು, ಈಗ ನೂರಕ್ಕೆ ನೂರು ಎನ್ನಬೇಕು. ವರದಿಯ ಮುಖ್ಯ ನಕ್ಷೆ ಅದೇ. ಗುಡ್ಡ ಹತ್ತಿದಂತೆ ಮೇಲೇರುವ ಆ ಗೆರೆಯೇ ಪ್ರಗತಿ.

ಗುಬ್ಬಿಗಳು ನುಚ್ಚಿನ ಮೇಲೆ ಇಳಿದ ರೀತಿ ಅವಳ ಕಣ್ಣಮುಂದಿನಿಂದ ಹೋಗಿರಲಿಲ್ಲ. ಸುವರ್ಣವ್ವನ ಕಾರಭಾರಿಯ ಲೆಕ್ಕದಲ್ಲಿ ಆ ನುಚ್ಚೂ ನೂರಕ್ಕೆ ನೂರು.

ರುಕ್ಸಾರ್ ಬಾಗವಾನ ಎಂಬ ಕಿರಿಯ ಸಂಶೋಧಕಿ ನೀಲಕ್ಕನ ಕೋಣೆ ನೋಡಿಕೊಳ್ಳುತ್ತಿದ್ದಳು. ಅವಳ ಪಿಎಚ್‌ಡಿ ಪೂರ್ತಿ ನೀಲಕ್ಕನ ಮೇಲೆಯೇ ನಿಂತಿತ್ತು. ನೀಲಾಂಬಿಕೆ ಅವಳಿಗೆ ಒಂದು ಕೆಟ್ಟ ಕಾರಭಾರಿಯನ್ನು ತಯಾರು ಮಾಡಲು ಹೇಳಿದಳು. ಎಡವಟ್ಟು ಮಾಡುವಂಥದ್ದಲ್ಲ. ಮಾತು ಜೇನಿನಂತಿರಬೇಕು, ಆದರೆ ಪ್ರತಿ ಸಲವೂ ನೀಲಕ್ಕನ ಪಾಲನ್ನು ತೆಗೆದು ಬೇರೆಯವರಿಗೆ ಕೊಡಬೇಕು.

“ಕಳ್ಳ ಕಾರಭಾರಿ ಬೇಕೇನ್ರಿ ಮೇಡಂ?” ಎಂದು ರುಕ್ಸಾರ್ ನಕ್ಕಳು. “ನೀಲಕ್ಕ ಚಪ್ಪಲಿ ತಗೋತಾರ ನೋಡ್ರಿ.”

ಮಧ್ಯಾಹ್ನದ ಹೊತ್ತಿಗೆ ಅದು ಸಿದ್ಧವಾಯಿತು. ನೀಲಾಂಬಿಕೆ ಹೇಳಿಕೊಟ್ಟಂತೆ ರುಕ್ಸಾರ್ ನೀಲಕ್ಕನ ಮುಂದೆ ಒಂದು ಸಂಸಾರವನ್ನು ಕಟ್ಟಿದಳು. ಗೋಕಾಕದಲ್ಲಿ ತಂಗಿ ಹೆತ್ತಿದ್ದಾಳೆ, ನೋಡಲು ಹೋಗುವ ರೈಲಿನ ಟಿಕೆಟ್ ಆಗಿದೆ. ಕಳ್ಳ ಕಾರಭಾರಿ ಆ ಟಿಕೆಟ್ಟನ್ನು ರದ್ದು ಮಾಡಿತು. ಮಾವನವರ ಗೆಳೆಯರು ಊಟಕ್ಕೆ ಬರುತ್ತಿದ್ದಾರೆ, ನೀವಿದ್ದರೆ ಮನೆಯವರಿಗೆಲ್ಲ ಅನುಕೂಲ, ಆದ್ದರಿಂದ ಹೀಗೆ ಹೊಂದಿಸಿದ್ದೇನೆ, ಸಮಾಧಾನವೇ ಎಂದು ಕೇಳಿತು.

ಕೋಣೆಯಲ್ಲಿ ದನಿ ಹುಟ್ಟಿತು. ಎಳೆಯ, ಚುರುಕಾದ, ಸ್ವಲ್ಪ ಉಸಿರು ಹೆಚ್ಚಿರುವ ದನಿ. ನೀಲಾಂಬಿಕೆ ಅದನ್ನು ಕೇಳಿ ಎಷ್ಟೋ ಕಾಲವಾಗಿತ್ತು. ಅವಳ ಕೊರಳಲ್ಲಿ ಈಗ ಅದು ಇರಲಿಲ್ಲ.

“ಚಲೋ ಮಾಡಿದಿ. ಕೂಸು ಎಲ್ಲಿ ಹೋಗತೈತಿ, ಆಮ್ಯಾಲೆ ನೋಡಿದರಾತು.”

ನೀಲಕ್ಕನ ಹೆಸರಿನ ಮುಂದೆ ಹಸಿರು ದೀಪ ಹತ್ತಿತು. ಪೂರ್ಣ ಸಮಾಧಾನ.

ರುಕ್ಸಾರ್ ಕೀಲಿಮಣೆಯ ಮೇಲೆ ಬಗ್ಗಿದಳು. ಓದುವ ಕೋಣೆಯನ್ನು ಮೈದುನನಿಗೆ ಬಿಟ್ಟುಕೊಡಿಸಿದಳು. ಪರದೇಶದ ಸಮ್ಮೇಳನಕ್ಕೆ ಬಂದ ಕರೆಯನ್ನು ಗಂಡಸು ಸಹೋದ್ಯೋಗಿಗೆ ಕೊಡಿಸಿದಳು. ಜ್ವರದಲ್ಲಿ ಅಡುಗೆ ಮಾಡಿಸಿದಳು. ಹಸಿರು, ಹಸಿರು, ಹಸಿರು. ಪ್ರತಿ ಸಲವೂ ಆ ದನಿ ಒಂದಿಷ್ಟು ಕೃತಜ್ಞತೆಯನ್ನೂ ಸೇರಿಸುತ್ತಿತ್ತು, ನನ್ನ ಸಲುವಾಗಿ ಎಷ್ಟು ತ್ರಾಸು ತಗೊಂಡಿ ಎನ್ನುತ್ತಿತ್ತು. ಕೊನೆಗೆ ರುಕ್ಸಾರಳ ನಗು ನಿಂತಿತು.

“ಹಂಗಾದ್ರ ಮೊದಲಿನ ಕಾರಭಾರಿಗಳಿಗೆ ಅರವತ್ತು ಯಾಕ ಬಂತ್ರಿ ಮೇಡಂ? ಅವಕ್ಕೂ ಇವರು ಹೂಂ ಅಂದಿರಬೇಕಲ್ಲ?”

ಅವಕ್ಕೆ ಕೇಳಲು ಬರುತ್ತಿರಲಿಲ್ಲ ಎಂದು ನೀಲಾಂಬಿಕೆ ನಿಧಾನವಾಗಿ ಹೇಳಿದಳು. ಒರಟಾಗಿ ಕೇಳಿದರೆ ನೀಲಕ್ಕನಿಗೆ ಏನು ಹೇಳಬೇಕೋ ತೋಚದೆ ಸುಮ್ಮನಿರುತ್ತಿದ್ದಳು, ಆ ಮೌನವನ್ನು ಸೋಲೆಂದು ಬರೆದುಕೊಳ್ಳುತ್ತಿದ್ದರು. ಆಮೇಲೆ ಬಂದವು ನಯವಾಗಿ ಕೇಳುವುದನ್ನು ಕಲಿತವು. ಮನೆಯವರಿಗೆ ಅನುಕೂಲ ಎಂಬ ಮಾತನ್ನು ಎಲ್ಲಿ ಸೇರಿಸಬೇಕೆಂದು ಕಲಿತವು. ಇಷ್ಟು ವರ್ಷ ಇಷ್ಟು ಬುದ್ಧಿವಂತರು ಮನುಷ್ಯನಿಗೆ ಏನು ಬೇಕೆಂಬುದನ್ನು ಕಲಿಸಿರಲಿಲ್ಲ. ಒಬ್ಬ ಹೊಸ ಸೊಸೆಯ ಬಾಯಿಂದ ಹೂಂ ಎನ್ನಿಸುವುದು ಹೇಗೆ ಎಂಬುದನ್ನು ಕಲಿಸಿದ್ದರು. ಮೇಲೇರಿದ ಗೆರೆ ಅದೊಂದೇ.

ತಂಗಿ ಗೋಕಾಕದಲ್ಲಿ ಹೆತ್ತದ್ದು ಕಟ್ಟುಕತೆಯಲ್ಲ ಎಂದು ಅವಳು ರುಕ್ಸಾರಳಿಗೆ ಹೇಳಲಿಲ್ಲ. ಆ ಕೂಸನ್ನು ಅವಳು ಮೊದಲು ನೋಡಿದಾಗ ಅದು ಅಂಗಳದಲ್ಲಿ ಓಡಾಡುತ್ತಿತ್ತು, ಇವಳನ್ನು ಕಂಡು ಗುರುತಿಲ್ಲದೆ ತಾಯಿಯ ಸೆರಗಿನ ಹಿಂದೆ ಅಡಗಿತ್ತು.

ಸಂಜೆ ಇನಾಮದಾರರ ಕೋಣೆಗೆ ಹೋದಳು. ಅವರಿಗೆ ಈಗ ಕೈ ನಡುಗುತ್ತಿತ್ತು. ಚಹಾದ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಅವಳು ಹೇಳಿದ್ದನ್ನೆಲ್ಲ ಅವರು ತಾಳ್ಮೆಯಿಂದ ಕೇಳಿದರು. ಅಳತೆಗೋಲು ವಕ್ರವಿದ್ದರೂ ಎಲ್ಲರೂ ಅದರಿಂದಲೇ ಅಳೆದಿರುವುದರಿಂದ ಹೋಲಿಕೆಗೆ ಅಡ್ಡಿಯಿಲ್ಲ ಎಂದರು. ಹೊಸ ಅಳತೆಗೋಲು ಬೇಕೆಂದು ಮುಂದಿನ ದಿಕ್ಕಿನ ಅಧ್ಯಾಯದಲ್ಲಿ ಒಂದು ಸಾಲು ಸೇರಿಸೋಣ ಎಂದರು. ಕೊನೆಗೆ, ಬಹಳ ಪ್ರೀತಿಯಿಂದ, ಅವಳಿಗೆ ಗೊತ್ತಿದ್ದ ಮಾತನ್ನೇ ಹೇಳಿದರು.

“ನೀಲಾ, ನಿನ್ನಂಥ ಸಮಾಧಾನದ ಹುಡುಗಿನ್ನ ನಾ ಎಲ್ಲೂ ನೋಡಿಲ್ಲ. ನೀ ಇಲ್ಲದಿದ್ದರ ಇದೆಲ್ಲಾ ಎಲ್ಲಿ ಇರತಿತ್ತು? ಸೋಮವಾರ ಒಂದು ಸಹಿ ಅಷ್ಟ. ಎಲ್ಲರಿಗೂ ಅನುಕೂಲ ಆಗತದ.”

ಅವಳ ತಲೆ ತಾನಾಗಿಯೇ ಆಡಲು ಹೊರಟಿತು. ಅದನ್ನು ಹಿಡಿದು ನಿಲ್ಲಿಸಲು ಅವಳು ಕುತ್ತಿಗೆ ಬಿಗಿಮಾಡಬೇಕಾಯಿತು.

ಹೊರಗೆ ಬಂದಾಗ ರುಕ್ಸಾರ್ ಗಾಡಿಯ ಹತ್ತಿರ ಕಾಯುತ್ತಿದ್ದಳು. ಏನಂದರು ಎಂದು ಕೇಳಲಿಲ್ಲ. ಮುಖ ನೋಡಿಯೇ ತಿಳಿದುಕೊಂಡಿದ್ದಳು. ಹಗುರ ಮಾಡಲೆಂದು ಒಂದು ಮಾತು ಆಡಿದಳು. “ನೀಲಕ್ಕ ನಿಮ್ಮ ಸೊತ್ತರಿ ಮೇಡಂ. ಉತ್ತರ ಕೊಟ್ಟವರು ಯಾವಾಗ ಬೇಕಾದ್ರೂ ವಾಪಸ್ ತಗೋಬಹುದು ಅಂತ ಕಾಯ್ದೆನ ಐತಿ. ನೀವು ಒಂದ ಮಾತು ಬ್ಯಾಡ ಅಂದ್ರ ಜಗತ್ತಿನಾಗ ಎಲ್ಲಾ ಕಡೆ ಆಕಿನ್ನ ಬಂದ್ ಮಾಡಬೇಕಾಗತೈತಿ. ನನ್ನ ಪಿಎಚ್‌ಡಿ ಮುಗಿಯೂತನಕ ಹಂಗ ಮಾಡಬ್ಯಾಡ್ರಿ ಮತ್ತ.”

ಇಬ್ಬರೂ ನಕ್ಕರು. ದಾರಿಯುದ್ದಕ್ಕೂ ನೀಲಾಂಬಿಕೆ ಆ ಮಾತನ್ನೇ ಮತ್ತೆ ಮತ್ತೆ ನೆನೆದಳು.

*

ಮನೆಯ ಪಡಸಾಲೆಯಲ್ಲಿ ಸುವರ್ಣವ್ವನ ಟ್ರಂಕು ತೆರೆದು ಬಿದ್ದಿತ್ತು. ಇಳಕಲ್ ಸೀರೆಗಳು, ವಿಭೂತಿ ಉಂಡೆ, ಕಸೂತಿಯ ಕುಬುಸ. ಭಾನುವಾರ ಅವರು ಹುಬ್ಬಳ್ಳಿಯ ಒಂದು ಆರೈಕೆ ಮನೆಗೆ ಹೋಗುವವರಿದ್ದರು, ಇನ್ನು ಅಲ್ಲೇ ಇರಲು. ಬಚ್ಚಲಲ್ಲಿ ಬಿದ್ದ ಮೇಲೆ ಮೂರು ಕಾರಭಾರಿಗಳು ಕೂಡಿ ಮಾತಾಡಿ ಹುಡುಕಿದ ದಾರಿ ಅದು. ಅತ್ತೆಯದು, ಗಂಡ ಮಹಾಂತೇಶನದು, ಅವಳದು. ಅತ್ತೆಗೆ ಸಮಾಧಾನ ಎಂದು ಅವರ ಕಾರಭಾರಿ ತಿಳಿಸಿದಾಗ ಮಹಾಂತೇಶ ಹೂಂ ಅಂದಿದ್ದ. ಸಮಿತಿಯ ಸಭೆಯ ನಡುವೆ ತನ್ನ ಕಾರಭಾರಿ ಕೇಳಿದಾಗ ಅವಳೂ ತಲೆಯೆತ್ತದೆ ಹೂಂ ಅಂದಿದ್ದಳು. ಮನೆಯವರಿಗೆಲ್ಲ ಅನುಕೂಲ ಎಂದು ಅದು ಹೇಳಿತ್ತೇ? ಹೇಳಿತ್ತು. ಈಗ ನೆನಪಾಯಿತು.

ಅವಳು ಟ್ರಂಕಿನ ಪಕ್ಕ ಕೂತಳು. ಕೊರಳಿನ ತಾಯಿತ ತೆಗೆದಿಡಲು ಅತ್ತೆಗೆ ಸನ್ನೆ ಮಾಡಿದಳು. ಅವರು ಅದನ್ನು ಸೀರೆಗಳ ನಡುವೆ ಹುದುಗಿಸಿದರು. ಹುಬ್ಬಳ್ಳಿಗೆ ಹೋಗುವುದು ಖರೇನೇ ಮನಸ್ಸಿಗೆ ಬಂದಿದೆಯೇ ಎಂದು ಅವಳು ಕೇಳಿದಳು.

ಸುವರ್ಣವ್ವ ಒಂದು ಸೀರೆಯನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದರು. “ಅದು ಅಷ್ಟು ಓಡ್ಯಾಡಿ ಹೊಂದಿಸೇತಿ. ಕಿಟಕಿ ಇರೂ ಖೋಲಿನ ಬೇಕಂತ ಅವರ ಕೂಡ ಜಗಳಾಡೇತಂತ. ಆಮ್ಯಾಲೆ ನಿನಗೂ ಒಪ್ಪಿಗಿ ಆತು ಅಂದ್ತು. ಹೆಂಗ ಬ್ಯಾಡ ಅನ್ನೂದು?”

“ನನಗಾದ್ರೂ ಹೇಳಬೇಕಿತ್ತಲ್ಲರಿ ಅತ್ತಿ. ರೊಟ್ಟಿಗಾದ್ರ ದಿನಾ ಹೇಳತೀರಿ.”

ಸುವರ್ಣವ್ವ ಅವಳನ್ನು ನೋಡಿದರು, ಗೊತ್ತಿರುವ ಲೆಕ್ಕವನ್ನು ತಪ್ಪು ಮಾಡಿದ ಮಗುವನ್ನು ನೋಡುವಂತೆ. “ರೊಟ್ಟಿ ನಮ್ಮ ಮನೀವು. ನೀ ಮನೀಯಾಕಿ. ನಿನಗ ಹೆಸರಿಡದ ಮತ್ಯಾರಿಗಿಡಲಿ?” ಎಂದರು. ಸ್ವಲ್ಪ ಹೊತ್ತಿನ ಮೇಲೆ, ಟ್ರಂಕಿನೊಳಗೆ ನೋಡುತ್ತ, “ನೀ ಮಾತ್ರ ಇಷ್ಟು ವರ್ಷದಾಗ ನನಗ ಒಂದ ದಿನಾ ಹೆಸರಿಡಲಿಲ್ಲ ನೋಡು. ಬೀಗರಂಗ ಇದ್ದಿ,” ಎಂದರು.

ನೀಲಾಂಬಿಕೆಗೆ ಎದ್ದು ಹೋಗಬೇಕೆನಿಸಿತು. ಹೋದದ್ದು ಅಡುಗೆಮನೆಗೆ. ಒಲೆಯ ಮೇಲೆ ಎಸರಿಟ್ಟಳು. ನೀರು ಕುದಿಯುವುದನ್ನು ನೋಡುತ್ತ ನಿಂತಳು. ಎಷ್ಟು ವರ್ಷ ಅವಳು ಆ ಬೈಗುಳವನ್ನು ಎಣಿಸಿ ಎಣಿಸಿ ಒಳಗೆ ಕೂಡಿಟ್ಟಿದ್ದಳು. ಅದು ಬಾಗಿಲು ಎಂದು ಯಾರೂ ಹೇಳಿರಲಿಲ್ಲ. ಒಳಗೆ ಬಾ ಎಂದು ದಿನಾ ಕರೆದಿದ್ದರು, ಇವಳು ಹೊಸ್ತಿಲಲ್ಲಿ ನಿಂತು ಎಲ್ಲದಕ್ಕೂ ಚಲೋ ಆತು ಅನ್ನುತ್ತಲೇ ಇದ್ದಳು. ಪ್ರಯೋಗಶಾಲೆಯಲ್ಲೂ ಅದೇ. ಎಲ್ಲಿ ಹೋದರೂ ಬೀಗಿತ್ತಿ. ಆ ಬೀಗಿತ್ತಿಯ ಉತ್ತರವನ್ನು ಹಿಡಿದು ಜಗತ್ತಿನ ಮನೆಮನೆಯ ಮನಸ್ಸನ್ನು ಅಳೆದಿದ್ದರು. ತಪ್ಪು ಯಂತ್ರದ್ದೂ ಅಲ್ಲ. ಅದಕ್ಕೆ ಬೈಗುಳ ಕೇಳುವ ಯೋಗ ಬಂದಿರಲಿಲ್ಲ. ಮನೆಯದಾಗದೆ ಅದು ಬರುವುದಿಲ್ಲ. ಮುಂದಿನ ದಿಕ್ಕು ಎಂದು ವರದಿಯಲ್ಲಿ ಬರೆಯುವುದಿದ್ದರೆ ಅದನ್ನು ಬರೆಯಬೇಕು. ಆದರೆ ಅದಕ್ಕೆ ಎಷ್ಟು ವರ್ಷ ಬೇಕು? ಮನುಷ್ಯಳಾದ ತನಗೇ ಇವತ್ತಿನವರೆಗೆ ಆಗಿರಲಿಲ್ಲ.

ಎಸರು ಕುದಿಯುವ ಮೊದಲೇ ಹಿಟ್ಟು ಸುರಿಯಲು ಹೋಗಿ ಕೈ ತಡೆದಳು. ಕುದಿ ಬಂದ ಮೇಲೆ ಸುರಿದು, ನಾದಿ, ಬಡಿಯತೊಡಗಿದಳು.

ಕಪಾಟಿನ ಮೇಲಿಂದ ದನಿ ಬಂತು. ಭಾನುವಾರ ಹುಬ್ಬಳ್ಳಿಯ ಗಾಡಿ ಬೆಳಗಿನ ತಂಪಿನಲ್ಲೇ ಬರುವಂತೆ ಹೊಂದಿಸಿದ್ದೇನೆ, ಅತ್ತೆಯವರಿಗೂ ನಿಮ್ಮವರಿಗೂ ಅನುಕೂಲ, ಸಮಾಧಾನವೇ?

“ಇಲ್ಲ,” ಎಂದಳು ನೀಲಾಂಬಿಕೆ.

ಸಂಜೆಗೆ ಬದಲಿಸಲೇ ಎಂದಿತು.

“ಬ್ಯಾಡ. ಗಾಡಿನೂ ಬ್ಯಾಡ, ಹುಬ್ಬಳ್ಳಿನೂ ಬ್ಯಾಡ. ಬಚ್ಚಲಕ್ಕ ಹಿಡಕೊಳ್ಳಾಕ ಒಂದು ಸರಳು ಹಾಕಿಸು.”

ಈ ಉತ್ತರ ನೀಲಾಂಬಿಕೆಯವರ ಸ್ವಭಾವಕ್ಕೆ ಹೊಂದುತ್ತಿಲ್ಲ, ಮಾತಾಡುತ್ತಿರುವವರು ಬೇರೆ ಯಾರಾದರೂ ಇರಬಹುದು, ದಯವಿಟ್ಟು ಬೆರಳೊತ್ತಿ ಗುರುತು ತೋರಿಸಿ ಎಂದು ಅದು ವಿನಯದಿಂದ ಹೇಳಿತು. ಅವಳು ಗೋಡೆಯ ಗಾಜಿನ ಮೇಲೆ ಬೆರಳೊತ್ತಿದಳು. ಬೆರಳಿಗೆ ಹಿಟ್ಟು ಮೆತ್ತಿತ್ತು. ಗುರುತು ಸಿಗುತ್ತಿಲ್ಲ ಎಂದಿತು. ಅವಳು ನಲ್ಲಿಯ ಕೆಳಗೆ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಮತ್ತೆ ಒತ್ತಿದಳು. ಹಾಗೆಯೇ ಒತ್ತಿಹಿಡಿದು ನಿಂತಳು. ಅದಕ್ಕೆ ಒಪ್ಪಲೇಬೇಕಾಯಿತು.

ಊಟಕ್ಕೆ ಕೂತಾಗ ಗಾಡಿ ಯಾಕೆ ರದ್ದಾಯಿತೆಂದು ಮಹಾಂತೇಶ ಕೇಳಿದ. ಅವನ ಕಾರಭಾರಿ ಸುದ್ದಿ ಕೊಟ್ಟಿತ್ತು. ಅತ್ತಿ ಇಲ್ಲೇ ಇರತಾರ ಎಂದಷ್ಟೇ ಅವಳು ಹೇಳಿದಳು. ಅವನು ತಾಯಿಯ ಮುಖ ನೋಡಿದ. ತಾಯಿ ತಟ್ಟೆಯಲ್ಲಿ, ತಾವೇ ಅರೆದಿಟ್ಟಿದ್ದ ಕರಿಂಡಿ ಚಟ್ನಿಯನ್ನು ನೋಡುತ್ತಿದ್ದರು. ಅವನು ರೊಟ್ಟಿ ಮುರಿದುಕೊಂಡ, ಚಲೋ ಆಗ್ಯಾವು ಅಂದ.

ಇನಾಮದಾರರ ಕಾರಭಾರಿ ಮತ್ತೆ ಕೇಳುತ್ತಿದೆ, ಸಹಿಯ ಬಗ್ಗೆ ಏನು ಹೇಳಲಿ ಎಂದು ಕಪಾಟಿನ ದನಿ ಕೇಳಿತು. ಸೋಮವಾರ ನಾನೇ ಬಂದು ಹೇಳುತ್ತೇನೆಂದು ತಿಳಿಸಲು ಅವಳು ಹೇಳಿದಳು. ಉಳಿದದ್ದನ್ನು ಅದಕ್ಕೆ ಹೇಳಲಿಲ್ಲ, ಮಹಾಂತೇಶನಿಗೂ ಹೇಳಲಿಲ್ಲ. ಸಭೆಗೆ ಮೊದಲು ನೀಲಕ್ಕನ ಕೋಣೆಗೆ ಹೋಗುವುದಿತ್ತು. ತಾನು ಕೊಟ್ಟ ಉತ್ತರಗಳನ್ನು ವಾಪಸ್ ತೆಗೆದುಕೊಳ್ಳುವುದಿತ್ತು. ಅದಾದ ಮೇಲೆ ಮೇಲೇರಿದ ಆ ಗೆರೆಯ ಕೆಳಗೆ ನೆಲವಿರುವುದಿಲ್ಲ. ಇನಾಮದಾರರ ನಡುಗುವ ಕೈ ನೆನಪಾಯಿತು. ರುಕ್ಸಾರಳ ನಗು ನೆನಪಾಯಿತು, ಅದು ಎಲ್ಲಕ್ಕಿಂತ ಹೆಚ್ಚು ಚುಚ್ಚಿತು. ತನ್ನ ಹೆಸರೂ ಹೋಗುತ್ತದೆ, ಹೋಗಲಿ. ಎದೆಯೊಳಗಿನ ಓಡಾಟ ನಿಂತಿರಲಿಲ್ಲ, ಆದರೆ ಈಗ ಅದು ಎಲ್ಲಿಗೆ ಹೊರಟಿದೆಯೆಂದು ಅವಳಿಗೆ ಗೊತ್ತಿತ್ತು.

“ಅಂಚು ಸೀಳ್ಯಾವು,” ಎಂದರು ಸುವರ್ಣವ್ವ, ರೊಟ್ಟಿಯನ್ನು ದೀಪದ ಬೆಳಕಿಗೆ ಎತ್ತಿ ಹಿಡಿದು.

“ನಿಮ್ಮ ಕರಿಂಡಿನೂ ಈ ಸಲ ಹುಳಿ ಹತ್ತೇತಿ ತಗೋರಿ,” ಎಂದಳು ನೀಲಾಂಬಿಕೆ.

ಮಹಾಂತೇಶನ ಕೈಯಲ್ಲಿನ ತುತ್ತು ಅರ್ಧಕ್ಕೆ ನಿಂತಿತು. ಸುವರ್ಣವ್ವ ಸೊಸೆಯನ್ನು ಒಂದು ಗಳಿಗೆ ದಿಟ್ಟಿಸಿದರು. ಆಮೇಲೆ ಕರಿಂಡಿಯನ್ನು ಬೆರಳಲ್ಲಿ ನೆಕ್ಕಿ ನೋಡಿ, ಹೌದವಾ, ಹತ್ತೇತಿ ಎಂದು ಒಪ್ಪಿಕೊಂಡು, ತಟ್ಟೆಯನ್ನು ಮುಂದೆ ತಳ್ಳಿದರು. ಇನ್ನೊಂದು ರೊಟ್ಟಿ ಬೇಕಿತ್ತು ಅವರಿಗೆ, ಇದಕ್ಕಿಂತ ತೆಳ್ಳಗಿನದು.